ಕೆಸರುಗದ್ದೆಯಲ್ಲಿ ಅಣ್ಣನ ಎಡಗಾಲು

ಅಣ್ಣ ಓಡುವುದನ್ನು ಅತ್ತಿಗೆ ಒಂದು ಸಲವೂ ನೋಡಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಓಡುವ ಪ್ರಸಂಗ ಯಾರಿಗೆ ತಾನೆ ಬರುತ್ತದೆ? ತೋಟಕ್ಕೆ ನಡೆದುಹೋಗುವುದು, ಬೈಕಿನಲ್ಲಿ ಆಲೂರಿಗೋ ಸಕಲೇಶಪುರಕ್ಕೋ ಹೋಗಿಬರುವುದು, ಅಷ್ಟೇ. ಆಮೇಲೆ ಅವನು ಏಣಿಯಿಂದ ಬಿದ್ದ. ಬಿದ್ದ ಮೇಲೆ ಕೋಲು ಹಿಡಿದ, ಕೊನೆಕೊನೆಗೆ ಮಂಚ ಹಿಡಿದ. ಹೋದ ವರ್ಷ ಕಾಫಿ ಹೂವಾಗುವ ಹೊತ್ತಿಗೆ ತೀರಿಕೊಂಡ.

ಅವನು ಹೋಗಿ ಕೆಲವು ತಿಂಗಳಾದ ಮೇಲೆ ಅತ್ತಿಗೆ ನನಗೆ ಫೋನ್ ಮಾಡಿ ಕೇಳಿದರು: "ಆ ಕೆಸರುಗದ್ದೆ ಓಟದ ವಿಡಿಯೋ ಐತಲ್ಲ, ಅದನ್ನ ವಸಿ ನೆಟ್ಟಗೆ ಕಾಣೋ ಹಂಗೆ ಮಾಡಿಸ್ಕೊಡ್ತಿಯಾ?"

"ಯಾಕೆ ಅತ್ತಿಗೆ?"

"ಆ ಕಾಲು ಎಂಗಿತ್ತು ಅಂತ ನೋಡ್ಬೇಕು ಕಣೆ. ನಾನು ಕಳ್ದಿದ್ದು ಏನು ಅಂತ ನಂಗೆ ಗೊತ್ತಾಗ್ಬೇಕಲ್ಲ."

ಅವರು ಏನು ಹೇಳುತ್ತಿದ್ದಾರೆಂದು ನನಗೆ ತಿಳಿಯಿತು. ಅಣ್ಣ ಬಿದ್ದ ದಿನ ಏಣಿ ಹಿಡಿದುಕೊಂಡಿದ್ದವರು ಅತ್ತಿಗೆ.

ನಮ್ಮದು ಆಲೂರು ಕಡೆಯ ಗುಡ್ಡದ ಇಳಿಜಾರಿನಲ್ಲಿರುವ ಸಣ್ಣ ತೋಟ. ಮೆಣಸು ಕುಯ್ಯುವ ಕಾಲದಲ್ಲಿ ಆಳು ಸಿಗದ ದಿನ ಗಂಡ ಮೇಲೆ, ಹೆಂಡತಿ ಕೆಳಗೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸುವುದು, ಗೆಣ್ಣಿನ ಗೂಟಗಳೇ ಮೆಟ್ಟಿಲಾದ ಒಂಟಿ ಬಿದಿರಿನ ಏಣಿ. ಅದರ ಬುಡಕ್ಕೆ ಪಾದ ಒತ್ತಿ, ಎರಡೂ ಕೈಯಲ್ಲಿ ಬಿದಿರನ್ನು ಅಪ್ಪಿ ಹಿಡಿದು ನಿಲ್ಲಬೇಕು. ಮೇಲಿನವರು ಇಳಿದು ಮುಗಿಯುವವರೆಗೆ ಹಿಡಿದವರು ಕೈ ಬಿಡುವ ಹಾಗಿಲ್ಲ. ಆ ದಿನ ಬಳ್ಳಿಯ ನಡುವೆ ಇದ್ದ ಚಗಳಿ ಗೂಡು ಹರಿದು ಕೆಂಪಿರುವೆಗಳು ಅತ್ತಿಗೆಯ ಮೇಲೆ ಉದುರಿದವು. ಅವರು ಒಂದು ಕೈ ತೆಗೆದು ಕೊಡವಿಕೊಂಡರು. ಅಷ್ಟರಲ್ಲಿ ಅಣ್ಣ ನೆಲದಲ್ಲಿದ್ದ.

ನಾನು ಹಾಸನದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಆ ದಿನ ಅಲ್ಲಿರಲಿಲ್ಲ. ಇದೆಲ್ಲ ಅತ್ತಿಗೆಯ ಬಾಯಿಂದ ಕೇಳಿದ್ದು. ಅವರು ಒಂದು ಸಲ ಹೇಳುವಾಗ ಇರುವೆ ಮೊಣಕೈಗೆ ಇಳಿದಿದ್ದವು, ಇನ್ನೊಂದು ಸಲ ಕುತ್ತಿಗೆಗೆ. ಇದನ್ನು ಡೈರಿಯಲ್ಲಿ ಬರೆದುಕೊಂಡಿದ್ದೇನೆ; ಅವರ ಮೇಲಿನ ಅನುಮಾನದಿಂದಲ್ಲ, ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂಬ ಅನುಮಾನದಿಂದ. ಆದರೆ ಕೈ ತೆಗೆದದ್ದು ಮಾತ್ರ ಒಂದು ಸಲವೂ ಬದಲಾಗಲಿಲ್ಲ. ಬೆನ್ನುಮೂಳೆಗೆ ಪೆಟ್ಟಾಗಿದೆ, ಎಡಗಾಲಿನ ನರ ಸೋತಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ತಿಥಿಯ ದಿನ ಪಂಕ್ತಿಯಲ್ಲಿ ಕೂತ ನೆಂಟರೊಬ್ಬರು, "ಏಣಿ ಹಿಡ್ದೋರು ಹಿಡ್ದಂಗೇ ಇರ್ಬೇಕಿತ್ತು, ಏನ್ ಮಾಡೋದು" ಎಂದರು. ಅತ್ತಿಗೆ ಅವರ ಎಲೆಗೇ ಮಜ್ಜಿಗೆ ಬಡಿಸುತ್ತಿದ್ದರು. ಬಡಿಸಿ ಮುಂದಿನ ಎಲೆಗೆ ಹೋದರು.

ಆ ವಿಡಿಯೋ ಅಣ್ಣನ ಮದುವೆಗೆ ಮುಂಚಿನದು. ನಾಟಿ ಮುಗಿದ ಮೇಲೆ ಊರಿನ ದೊಡ್ಡ ಗದ್ದೆಯೊಂದನ್ನು ನೆಡದೆ ಬಿಟ್ಟು ಅದರಲ್ಲಿ ಓಟ ಇಡುವುದು ನಮ್ಮಲ್ಲಿ ಮೊದಲಿನಿಂದ ಇದೆ. ಮೊಣಕಾಲು ಮಟ್ಟ ಕೆಸರು. ಗೆದ್ದವನಿಗೆ ಬಾಳೆಗೊನೆ. ಆ ವರ್ಷ ಹುಡುಗರ ಸಂಘದವರು ಮದುವೆ ವಿಡಿಯೋ ಮಾಡುವವನೊಬ್ಬನನ್ನು ಕರೆಸಿದ್ದರು. ನನ್ನ ನೆನಪಿನಲ್ಲಿ ನಾನು ಅಣ್ಣನ ಅಂಗಿ, ವಾಚು ಹಿಡಿದುಕೊಂಡು ಗದ್ದೆಬದುವಿನ ಮೇಲೆ ನಿಂತಿದ್ದೇನೆ. ಅವನು ಮೊದಲು ಬರುತ್ತಾನೆ. ಮನೆಗೆ ಬಂದು ಎಲ್ಲರೂ ಬಾಳೆಹಣ್ಣು ತಿನ್ನುತ್ತೇವೆ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೆಂದರೆ ಈಗ ಕಣ್ಣು ಮುಚ್ಚಿದರೆ ಗದ್ದೆ ಕಾಣುವುದಿಲ್ಲ, ನಾನು ಹೇಳುತ್ತಿರುವುದೇ ಕೇಳಿಸುತ್ತದೆ. ಆ ವರ್ಷದ ನನ್ನ ಡೈರಿ ತೆಗೆದು ನೋಡಿದೆ. ಆ ವಾರದಲ್ಲಿ ಪರೀಕ್ಷೆಯ ಫಲಿತಾಂಶದ ಚಿಂತೆ ಬಿಟ್ಟು ಮತ್ತೇನೂ ಇರಲಿಲ್ಲ.

ನಮ್ಮ ಬಳಿ ಇದ್ದದ್ದು ಫೋನಿನಿಂದ ಫೋನಿಗೆ ಬಂದ ತುಣುಕು. ಯಾರೋ ಟೀವಿಯಲ್ಲಿ ಡಿವಿಡಿ ಹಾಕಿ, ಟೀವಿಯ ಮುಂದೆ ಮೊಬೈಲ್ ಹಿಡಿದು ತೆಗೆದದ್ದು. ಕಂದು ಬಣ್ಣದ ಮೇಲೆ ಒಂದಷ್ಟು ಚುಕ್ಕೆಗಳು ಕುಣಿಯುತ್ತವೆ. ಮುಂದಿರುವ ಹಳದಿ ಚಡ್ಡಿಯ ಚುಕ್ಕೆ ಅಣ್ಣ. ಓಟ ಮುಗಿಯುವ ಮೊದಲೇ ತುಣುಕು ಮುಗಿಯುತ್ತದೆ.

ಅದನ್ನು ಸಕಲೇಶಪುರದ ಒಂದು ಸ್ಟುಡಿಯೋಗೆ ಒಯ್ದೆ. ಸುತ್ತಲಿನ ವಾಲಿಬಾಲ್, ಕಬಡ್ಡಿ ಪಂದ್ಯಗಳ ವಿಡಿಯೋ ಮಾಡುವವನು, ಮೂವತ್ತರ ಒಳಗಿನ ಉತ್ಸಾಹಿ. ನೋಡಿ ನಕ್ಕ. "ಮೇಡಂ, ಇದು ಜೆರಾಕ್ಸಿನ ಜೆರಾಕ್ಸು. ಆದ್ರೂ ಬಿಡಲ್ಲ, ಈಗ ಸಾಫ್ಟ್‌ವೇರ್ ಬಂದೈತೆ, ಮುಖ ಗಿಖ ಎಲ್ಲ ಎಬ್ಬಿಸ್ಬುಡುತ್ತೆ."

ವಾರ ಬಿಟ್ಟು ಹೋದಾಗ ಹೆಮ್ಮೆಯಿಂದ ತೋರಿಸಿದ. "ನೋಡಿ ಮೇಡಂ, ಕೆಸ್ರೆಲ್ಲ ಎಂಗ್ ಕ್ಲೀನ್ ಆಗ್ಬುಡ್ತು!"

ನಿಜ, ಕೆಸರು ಹೋಗಿತ್ತು. ಮೈಮೇಲೆ, ಮುಖದ ಮೇಲೆ ಮೆತ್ತಿದ್ದ ಮಣ್ಣನ್ನೆಲ್ಲ ಆ ಯಂತ್ರ ಚಿತ್ರದ ಕೊಳೆ ಎಂದುಕೊಂಡು ಒರೆಸಿ ಹಾಕಿತ್ತು. ಗದ್ದೆಯಲ್ಲಿ ಈಗ ಸ್ನಾನ ಮಾಡಿ ಬಂದಂತಿದ್ದ ಗಂಡಸರು ಓಡುತ್ತಿದ್ದರು. ಅಣ್ಣನಿಗೊಂದು ಮುಖ ಬಂದಿತ್ತು. ಆ ಮುಖ ಚೆನ್ನಾಗಿಯೇ ಇತ್ತು. ಒಂದು ಗಳಿಗೆ, ಇವನೇ ನನ್ನ ಅಣ್ಣನಾಗಿದ್ದನೇನೋ, ನಾನೇ ಮರೆತೆನೇನೋ ಎಂದು ಅನ್ನಿಸಿದ್ದನ್ನು ಸುಳ್ಳೆನ್ನಲಾರೆ.

ಊರಿಗೆ ಹೋಗಿ ಅತ್ತಿಗೆಗೆ ತೋರಿಸಿದೆ. ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡರು.

"ಇದ್ಯಾರೇ?"

"ಅಣ್ಣ."

"ನಿಮ್ಮಣ್ಣಂಗೆ ಇಷ್ಟು ಬೆಳ್ಳಗೆ ಹಲ್ಲು ಯಾವತ್ತಿತ್ತೇ? ಎಲೆಅಡಿಕೆ ಹಾಕಿ ಹಾಕಿ ಕೆಮ್ಮಣ್ಣಾಗಿದ್ವಲ್ಲ." ಇನ್ನೊಮ್ಮೆ ನೋಡಿದರು. "ಅಯ್ಯೋ ಮಾರಾಯ್ತಿ, ಹಿಂದಿರೋನಿಗೂ ಇದೇ ಮುಖ ಐತೆ! ಅವ್ನ್ ಹಿಂದಿರೋನಿಗೂ!"

ಇಬ್ಬರಿಗೂ ನಗು ಬಂತು. ಅಣ್ಣ ಹೋದ ಮೇಲೆ ಆ ಮನೆಯಲ್ಲಿ ನಾವು ಜೋರಾಗಿ ನಕ್ಕದ್ದು ಅದೇ ಮೊದಲಿರಬೇಕು. ನಕ್ಕು ಮುಗಿದ ಮೇಲೆ ಅತ್ತಿಗೆ ಫೋನ್ ವಾಪಸ್ ಕೊಟ್ಟರು. "ಮುಖ ಬೇಡ ನಂಗೆ. ಮುಖ ಗ್ವಾಡೆ ಮೇಲೆ ಫೋಟೋದಲ್ಲೈತೆ. ಕಾಲು ಕಾಣ್ಸಂಗೆ ಮಾಡ್ಸು, ಸಾಕು" ಎಂದರು.

ಕಾಲು ಕಾಣಬೇಕಾದರೆ ಮೂಲ ಡಿವಿಡಿಯೇ ಬೇಕು ಎಂದ ಸ್ಟುಡಿಯೋದವನು. ನಮ್ಮ ಮನೆಯದು ಕಪಾಟಿನಲ್ಲೇ ಇತ್ತು. ಆದರೆ ನಮ್ಮ ಕಡೆಯ ಥಂಡಿಗೆ ಅದರ ಹೊಳಪಿನ ಮೇಲೆಲ್ಲ ಬೂಷ್ಟು ಜೇಡನ ಬಲೆಯಂತೆ ಹಬ್ಬಿತ್ತು. ಒರೆಸಿದರೆ ಹೊಳಪೇ ಕಿತ್ತುಬಂತು. ಇನ್ನೊಂದು ಪ್ರತಿ ಅಣ್ಣನ ಜೊತೆ ಓಡಿದ್ದ ಗೆಳೆಯನ ಬಳಿ ಇರಬಹುದು ಎಂದು ಅತ್ತಿಗೆ ಹೇಳಿದರು. ಅವರದು ಹೊಂಗಡಹಳ್ಳದ ಕಡೆ ತೋಟ. ಹೋದೆ.

ಕಣದಲ್ಲಿ ಕಾಫಿ ಹರಡುತ್ತಿದ್ದರು. ವಿಷಯ ಕೇಳಿ ಒಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿಟ್ಟಿದ್ದ ಡಿವಿಡಿ ತಂದರು. ಅಕ್ಕಿಯೊಳಗೆ ಇಟ್ಟದ್ದರಿಂದಲೋ ಏನೋ ಅದು ಕನ್ನಡಿಯಂತೆ ಇತ್ತು.

"ಇಷ್ಟು ಜೋಪಾನ ಮಾಡಿದೀರಲ್ಲ" ಎಂದೆ.

"ಗೆದ್ದೋನು ಜೋಪಾನ ಮಾಡ್ದೆ ಇನ್ಯಾರು ಮಾಡ್ತಾರೆ ಕಣ್ರೀ?"

"ಗೆದ್ದಿದ್ದು ಅಣ್ಣ ಅಲ್ವಾ?"

"ಯಾರ್ ಹೇಳಿದ್ದು? ನಿಮ್ಮಣ್ಣ ತಾನೆ? ಅವ್ನು ಹೇಳ್ತಾನೆ ಬಿಡಿ!" ಎಂದು ನಕ್ಕರು. "ಮುಂದೆ ಇದ್ದಿದ್ದು ಅವ್ನೇ. ಇನ್ನೇನು ಬದು ಮುಟ್ಬೇಕು, ದಬಕ್ ಅಂತ ಬಿದ್ದ. ನಾನು ಗೊನೆ ಹೊಡ್ಕಂಡೆ. ಪಾಪ ಅಂತ ಎರಡು ಚಿಪ್ಪು ಕುಯ್ದು ಕೊಟ್ಟೆ, ಮನೇಗೆ ತಗಂಡೋಗು ಅಂತ."

ಹಾಗಾದರೆ ನಾವು ತಿಂದದ್ದು ಆ ಎರಡು ಚಿಪ್ಪು. ಅಣ್ಣ ಮೊದಲು ಬಂದದ್ದನ್ನು ನಾನು ಯಾವಾಗ ಕಂಡೆ? ಹಣ್ಣು ತಿಂದ ಮೇಲೆ ಇರಬೇಕು.

"ಯಾಕೆ ಬಿದ್ದ?" ಎಂದು ಕೇಳಿದೆ.

"ಕೆಸ್ರಲ್ಲಿ ಬೀಳಕ್ಕೆ ಕಾರಣ ಬೇಕಾ? ಅದೂ ನಿಮ್ಮಣ್ಣಂಗೆ? ಅವ್ನು ಸಿಮೆಂಟ್ ರೋಡಲ್ಲೇ ಎಡವೋ ಆಸಾಮಿ." ಮತ್ತೆ ನಕ್ಕರು. ಆಮೇಲೆ ಸತ್ತವನ ಬಗ್ಗೆ ನಗಬಾರದಿತ್ತು ಅನ್ನಿಸಿತೇನೋ, ಗೋರುಮಣೆ ಹಿಡಿದು ಕಾಫಿ ಎಳೆಯತೊಡಗಿದರು. ನಾನು ಆ ಮಾತಿಗೆ ಅಷ್ಟು ಗಮನ ಕೊಡಲಿಲ್ಲ. ಸ್ನೇಹಿತರ ಗೇಲಿ ಎಂದುಕೊಂಡೆ.

ಈ ಸಲ ಸ್ಟುಡಿಯೋದಲ್ಲಿ ನಾನೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮುಖ ಬರೆಯುವ ಸಾಫ್ಟ್‌ವೇರ್ ಮುಟ್ಟಕೂಡದು ಎಂದು ಮೊದಲೇ ಹೇಳಿದೆ. ಡಿವಿಡಿ ತೆರೆದಾಗ ಓಡುವವರ ಅಂಚುಗಳೆಲ್ಲ ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡಿದ್ದವು. ಅದಕ್ಕೆ ಅವನು ಕಾರಣ ಹೇಳಿದ. ಆ ಕಾಲದ ಕ್ಯಾಮೆರಾ ಒಂದು ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುತ್ತಿರಲಿಲ್ಲವಂತೆ. ಮೊದಲು ಒಂದು ಬಿಟ್ಟು ಒಂದು ಗೆರೆ, ಕಣ್ಣೆವೆ ಮಿಟುಕಿಸುವಷ್ಟು ತಡವಾಗಿ ಉಳಿದ ಗೆರೆಗಳು. ನಿಂತವರಿಗೆ ತೊಂದರೆಯಿಲ್ಲ. ಓಡುವವನು ಅಷ್ಟರಲ್ಲಿ ಮುಂದೆ ಹೋಗಿರುತ್ತಾನೆ, ಎರಡು ಅರ್ಧಗಳು ಕೂಡಿಕೊಳ್ಳುವುದಿಲ್ಲ. ಅವೆರಡನ್ನೂ ಬಿಡಿಸಿ ಒಂದರ ಹಿಂದೊಂದು ಇಟ್ಟ. ಖಾಲಿ ಉಳಿದ ಗೆರೆಗಳನ್ನು ಯಂತ್ರದಿಂದ ತುಂಬಿಸಿದ. ಕ್ಯಾಮೆರಾದವನು ಬದುವಿನ ಮೇಲೆ ಜಾರುತ್ತಾ ನಿಂತಿದ್ದನೆಂದು ಕಾಣುತ್ತದೆ, ಚಿತ್ರ ದೋಣಿಯಂತೆ ತೂಗುತ್ತಿತ್ತು. ಅದನ್ನೂ ನಿಲ್ಲಿಸಿದ. ಬಣ್ಣ ತುಸು ಎತ್ತಿದ. ಆಮೇಲೆ ನಿಧಾನ ಮಾಡಿ ಓಡಿಸಿದ.

ಅಣ್ಣ ಓಡುತ್ತಿದ್ದ. ಮುಖ ಒಂದು ಮಣ್ಣಿನ ಮುದ್ದೆ, ಮೈ ಮಾತ್ರ ಅವನದೇ. ಭುಜ ಮುಂದಕ್ಕೆ ಬಾಗಿಸಿ, ಕೈಗಳನ್ನು ನೀರು ಎರಚುವವನ ಹಾಗೆ ಬೀಸುತ್ತಾ ಬರುತ್ತಿದ್ದ. ಇನ್ನೇನು ಬದು ಹತ್ತಿರ ಬಂತು ಎನ್ನುವಾಗ ಕ್ಯಾಮೆರಾ ಸರಕ್ಕನೆ ತಿರುಗಿ, ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂತು ಬೋಂಡ ತಿನ್ನುತ್ತಿದ್ದ ಮುಖ್ಯ ಅತಿಥಿಗಳನ್ನು ತೋರಿಸಿತು.

"ಥೂ, ಅವ್ರ ದುಡ್ಡಿಂದ್ಲೇ ಶಾಮಿಯಾನ ಬಂದಿರುತ್ತೆ ಮೇಡಂ, ತೋರಿಸ್ದಿದ್ರೆ ಬೈತಾರೆ" ಎಂದ ಸ್ಟುಡಿಯೋದವನು.

ಕ್ಯಾಮೆರಾ ಗದ್ದೆಗೆ ಮರಳಿದಾಗ ಅಣ್ಣ ಕೆಸರಿನಿಂದ ಎದ್ದೇಳುತ್ತಿದ್ದ.

ಬೀಳುವ ಮುಂಚಿನ ಓಟವನ್ನು ಮತ್ತೆ ಹಾಕಿಸಿದೆ. ಮತ್ತೆ ಮತ್ತೆ ನೋಡುವಾಗ ಕಂಡಿತು. ಉಳಿದವರ ಪಾದ ಕೆಸರಿನಿಂದ ಹಿಮ್ಮಡಿ ಮುಂದಾಗಿ ಕಿತ್ತುಬಂದು, ಬೆರಳು ಮೇಲೆದ್ದು ಮುಂದಕ್ಕೆ ಹೋಗುತ್ತಿತ್ತು. ಅಣ್ಣನ ಬಲಗಾಲೂ ಹಾಗೆಯೇ. ಎಡಗಾಲು ಮಾತ್ರ ಬೇರೆ. ಮೊಣಕಾಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎತ್ತುತ್ತಿದ್ದ. ಆದರೂ ಪಾದ ಕೆಳಗೆ ಜೋತುಬಿದ್ದು, ಬೆರಳು ನೇಗಿಲಿನ ಮೊನೆಯಂತೆ ಕೆಸರನ್ನು ಗೀರಿಕೊಂಡು ಬರುತ್ತಿತ್ತು. ಏಣಿಯಿಂದ ಬಿದ್ದ ಮೇಲೆ ಕೋಲು ಊರಿ ಅಂಗಳದಲ್ಲಿ ನಡೆಯುವಾಗ ಅವನ ಎಡಪಾದ ಹೀಗೆಯೇ ಜೋಲುತ್ತಿತ್ತು. ಆದರೆ ಇದು ಏಣಿಗಿಂತ ಎಷ್ಟೋ ವರ್ಷ ಹಿಂದಿನದು.

"ಈ ಪಾದ ನಿಜವಾಗಿ ಹೀಗಿತ್ತಾ, ಇಲ್ಲ ಸಾಫ್ಟ್‌ವೇರ್ ಹೀಗೆ ಮಾಡಿದ್ದಾ?" ಎಂದು ಕೇಳಿದೆ.

ಅವನು ಪ್ರಾಮಾಣಿಕ. ಚಿತ್ರವನ್ನು ದೊಡ್ಡದು ಮಾಡಿ ನೋಡಿ ತಲೆ ಕೆರೆದುಕೊಂಡ. "ಒಂದು ಗೆರೆ ಕ್ಯಾಮೆರಾದ್ದು, ಒಂದು ಗೆರೆ ಇದು ತುಂಬ್ಸಿರೋದು. ಅರ್ಧ ಅರ್ಧ ಮೇಡಂ."

ಸಕಲೇಶಪುರದಿಂದ ಬಸ್ಸಿನಲ್ಲಿ ಬರುವಾಗ ನನಗೊಂದು ನೆನಪು ಬಂತು. ಅಣ್ಣನ ಶಾಲೆಯ ಶೂಗಳಲ್ಲಿ ಎಡಗಡೆಯದು ಬೆರಳ ಹತ್ತಿರ ಮೊದಲು ಸವೆಯುತ್ತಿತ್ತು. "ಕಾಲೆತ್ತಿ ನಡಿಯೋ, ದನ ಎಳ್ಕಂಡ್ ಬಂದಂಗೆ ಬರ್ತೀಯ" ಎಂದು ಅಮ್ಮ ಬೈಯುತ್ತಿದ್ದರು. ಸಂತೋಷವಾಯಿತು. ಕೂಡಲೇ ಭಯವೂ ಆಯಿತು. ಇಷ್ಟು ವರ್ಷ ಬಾರದ ನೆನಪು ಈ ವಿಡಿಯೋ ನೋಡಿದ ಮೇಲೆ ಯಾಕೆ ಬಂತು? ಮೊನ್ನೆಯವರೆಗೆ ಅಣ್ಣ ಗೊನೆ ಗೆದ್ದದ್ದೂ ನನಗೆ ಇಷ್ಟೇ ಚೆನ್ನಾಗಿ ನೆನಪಿತ್ತಲ್ಲ. ಖಾಲಿ ಗೆರೆಯನ್ನು ಪಕ್ಕದ ಗೆರೆ ನೋಡಿ ತುಂಬುವ ಕೆಲಸವನ್ನು ನನ್ನ ತಲೆಯೂ ಮಾಡುತ್ತಿರಬಹುದು. ಅಮ್ಮ ಇಲ್ಲ, ಕೇಳುವ ಹಾಗಿಲ್ಲ. ವೈದ್ಯರನ್ನು ಕೇಳಬಹುದಿತ್ತು. ಕೆಸರಿನಲ್ಲಿ ಮುಳುಗೇಳುವ ಪಾದ ನೋಡಿ ಯಾವ ವೈದ್ಯರು ಏನು ಹೇಳುತ್ತಾರೆ?

ಆದರೂ ಆ ಬಸ್ಸಿನಲ್ಲಿ ನನ್ನ ಆಸೆ ನನ್ನ ಅನುಮಾನಕ್ಕಿಂತ ದೊಡ್ಡದಿತ್ತು. ಪಾದ ಮೊದಲಿನಿಂದಲೂ ಸೋತಿದ್ದರೆ, ಅವನು ಏಣಿಯ ಮೆಟ್ಟಿಲು ತಪ್ಪಿ ಬಿದ್ದಿರಬಹುದು. ಅತ್ತಿಗೆ ಎರಡೂ ಕೈಯಲ್ಲಿ ಹಿಡಿದಿದ್ದರೂ ಬೀಳುತ್ತಿದ್ದ. ಅದನ್ನೇ ಹೇಳಬೇಕು ಎಂದುಕೊಂಡು ಹೋದೆ. ಅಷ್ಟು ಅವಸರವಾಗಿತ್ತೆಂದರೆ ದಾರಿಯಲ್ಲೇ ಫೋನ್ ಮಾಡಿ, ವಿಡಿಯೋ ಚೆನ್ನಾಗಿ ಬಂದಿದೆ, ಬಂದು ತೋರಿಸುತ್ತೇನೆ ಎಂದೆ.

ಸಂಜೆ ಜಗಲಿಯಲ್ಲಿ ಕೂತು ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಅತ್ತಿಗೆ ಕನ್ನಡಕ ಹಾಕಿಕೊಂಡರು. ಅಣ್ಣ ಬರುತ್ತಿದ್ದಂತೆ ಅವರ ಕೈ ತಾನಾಗಿ ಬಾಯಿಗೆ ಹೋಯಿತು. ಮುಖವಿಲ್ಲದಿದ್ದರೂ ಗುರುತು ಹಿಡಿದರು. ಮುಗಿದ ಮೇಲೆ ಇನ್ನೊಂದು ಸಲ ಹಾಕು ಎಂದು ಬೆರಳಲ್ಲಿ ಸನ್ನೆ ಮಾಡಿದರು. ಆಮೇಲೆ, "ಎಡಗಾಲು" ಎಂದರು.

"ಅದನ್ನೇ ಹೇಳಕ್ಕೆ ಬಂದೆ ಅತ್ತಿಗೆ. ಏಣಿಗೆ ಮುಂಚೇನೇ ಹೀಗಿತ್ತು ನೋಡಿ. ನಿಮ್ಮ ಕೈಯಿಂದ ಆಗಿದ್ದಲ್ಲ."

"ನಂಗೆ ಗೊತ್ತಿತ್ತು ಕಣೆ."

"ಏನು ಗೊತ್ತಿತ್ತು?"

"ಆ ಕಾಲು. ತೋಟಕ್ಕೆ ಹೋಗೋವಾಗ ಎಡಗಡೆ ಚಪ್ಲಿನೇ ಕಳ್ಚ್ಕಳೋದು. ಅವ್ರು ಗೊತ್ತೇ ಇಲ್ದಂಗೆ ಮುಂದೆ ಹೋಗೋರು. ನಾನು ಹಿಂದಿಂದ ಎತ್ಕಂಡ್ ಬಂದು, ರಾಜ್ರ ಚಪ್ಲಿ ಹೊರೋದೇ ಆಯ್ತು ಅಂತ ನಗಾಡ್ತಿದ್ದೆ." ಅತ್ತಿಗೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ದಿನಾ ನೋಡ್ತಿದ್ದೆ. ಕಾಲು ಸರಿಯಿಲ್ದೋರು ಏಣಿ ಹತ್ಬಾರ್ದು ಅಂತ ಒಂದಿನ ನಂಗೆ ಹೊಳೀಲಿಲ್ಲ. ಆವತ್ತು ಆಳು ಬರ್ಲಿಲ್ಲ, ಮೆಣಸು ಉದುರೋಗ್ತೈತೆ ಅಂತ ಬೆಳಿಗ್ಗೆಯಿಂದ ಗೊಣಗಿದ್ದೂ ನಾನೇ. ಇಷ್ಟ್ ದಿನ ಕೈದೊಂದೇ ತಪ್ಪು ಅನ್ಕಂಡಿದ್ದೆ."

ನಾನು ಬಿಡುಗಡೆಯೆಂದು ಹೊತ್ತು ತಂದದ್ದನ್ನು ಅವರು ತೆಗೆದುಕೊಂಡು ತಮ್ಮ ಮೇಲೆಯೇ ಹೇರಿಕೊಂಡಿದ್ದರು. ದಾರಿಯಿಡೀ ನಾನು ಅಡಗಿಸಿಕೊಂಡು ಬಂದಿದ್ದ ಅನುಮಾನವೆಲ್ಲ ಈಗ ಬಾಯಿಗೆ ಬಂತು. "ಅತ್ತಿಗೆ, ಇದನ್ನ ಪೂರ್ತಿ ನಂಬಬೇಡಿ. ಆ ಕಾಲಿನಲ್ಲಿ ಅರ್ಧ ಕಂಪ್ಯೂಟರ್ ಬರೆದಿದ್ದು. ಸ್ಟುಡಿಯೋದವನೇ ಹೇಳಿದ."

"ಚಪ್ಲಿನೂ ಕಂಪ್ಯೂಟರೇ ಬರೀತಾ?"

ಚಪ್ಪಲಿಯ ಮಾತು ಅವರು ಹಿಂದೆ ಎಂದೂ ಹೇಳಿರಲಿಲ್ಲ. ಬಸ್ಸಿನಿಂದ ಫೋನ್ ಮಾಡಿದಾಗ ಶೂ ಸವೆಯುತ್ತಿದ್ದ ವಿಷಯ ನಾನು ಹೇಳಿದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ಖಚಿತವಾಗಲಿಲ್ಲ. ಹೇಳಿದ್ದರೆ ಅವರ ಚಪ್ಪಲಿ ನನ್ನ ಶೂನಿಂದ ಹುಟ್ಟಿರಬಹುದು. ಹೇಳಿರದಿದ್ದರೆ ಎರಡೂ ನಿಜ. ಅದನ್ನು ಅವರೆದುರು ಆಡಲು ಬಾಯಿ ಬರಲಿಲ್ಲ. ಗಂಡನ ಚಪ್ಪಲಿ ಎತ್ತಿಕೊಂಡು ನಕ್ಕ ದಿನಗಳು ಇರಲೇ ಇಲ್ಲವೇನೋ ಎಂದು ಒಬ್ಬ ಹೆಂಗಸನ್ನು ಕೇಳುವುದಾದರೂ ಹೇಗೆ?

"ಆಯ್ತು, ಎತ್ತಿಡು" ಎಂದರು ಅತ್ತಿಗೆ. ಲ್ಯಾಪ್‌ಟಾಪ್ ಮುಚ್ಚಿದೆ. ಅವರು ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾ, "ಚೆನ್ನಾಗಿ ಓಡ್ತಿದ್ರು ಅಲ್ವಾ?" ಎಂದು ಕೇಳಿದರು. "ಎಲ್ರಿಗಿಂತ ಮುಂದೆ" ಎಂದೆ. ಅಷ್ಟು ಮಾತ್ರ ಯಾವ ಗೆರೆಯನ್ನು ನಂಬಿದರೂ ನಿಜವಾಗಿತ್ತು.

ಮಾರನೆಯ ಬೆಳಿಗ್ಗೆ ಮೆಣಸು ಕುಯ್ಯಲು ಆಳುಗಳು ಬಂದರು. ಅಣ್ಣ ಬಿದ್ದ ದಿನದಿಂದ ಈಚೆಗೆ ಅತ್ತಿಗೆ ಕುಯ್ಲಿನ ಹೊತ್ತಿನಲ್ಲಿ ತೋಟಕ್ಕೆ ಹೋಗುತ್ತಿರಲಿಲ್ಲ. ಕಾಫಿ, ತಿಂಡಿ ಕೊಟ್ಟು ಕಳಿಸಿ ಮನೆಯಲ್ಲೇ ಇರುತ್ತಿದ್ದರು. ಆ ದಿನ ಆಳುಗಳ ಹಿಂದೆಯೇ ಹೊರಟರು. ನಾನೂ ಹೋದೆ. ಇಬ್ಬರು ಕೆಳಗೆ ಏಣಿ ಹಿಡಿದಿದ್ದರು. ಹಿಡಿದವರ ಕೈ ಕಡೆಗೆ ಅತ್ತಿಗೆ ತಿರುಗಿಯೂ ನೋಡಲಿಲ್ಲ. ಹತ್ತುತ್ತಿದ್ದವನ ಪಾದಗಳನ್ನೇ, ಒಂದೊಂದು ಮೆಟ್ಟಿಲಿಗೂ ಕತ್ತೆತ್ತುತ್ತಾ ನೋಡುತ್ತಿದ್ದರು. ಅವನು ನಡುವಯಸ್ಸಿನ ಗಟ್ಟಿ ಆಳು, ವರ್ಷವಿಡೀ ಇದೇ ಕೆಲಸ. ಅರ್ಧ ಏರಿದ್ದ.

"ಇಳಿಯಣ್ಣ" ಎಂದರು ಅತ್ತಿಗೆ.

"ಏನಕ್ಕಾ?"

"ಇಳಿ. ನೀನು ಕೆಳಗಿನ ಬಳ್ಳಿ ಕುಯ್ಯಿ. ಏಣಿ ಬೇರೇರು ಹತ್ಲಿ."

"ಅಯ್ಯೋ ಅಕ್ಕಾ, ನಾನೇನ್ ಇವತ್ತು ನೆನ್ನೆ ಹತ್ತೋನಾ? ಈ ಮರಕ್ಕೇ ನನ್ ಪರಿಚಯ ಐತೆ" ಎಂದು ಮೇಲಿಂದ ನಕ್ಕ. ಕೆಳಗಿದ್ದವರೂ ನಕ್ಕರು.

"ಇಳಿ ಅಂದ್ನಲ್ಲಪ್ಪ."

ಅವರ ದನಿಯಲ್ಲಿ ಏನಿತ್ತೋ, ನಗು ನಿಂತಿತು. ಅವನು ಇಳಿದು ಬಂದು, ಬೇಸರದಿಂದ ಚೀಲ ಸೊಂಟಕ್ಕೆ ಬಿಗಿದುಕೊಂಡು, ಕೈಗೆ ಎಟುಕುವ ಬಳ್ಳಿಯ ಕಡೆ ನಡೆದ. ನಾನು ಅವನ ನಡಿಗೆಯನ್ನು ಕೊನೆಯವರೆಗೂ ನೋಡಿದೆ. ಎರಡೂ ಪಾದಗಳು ಹಿಮ್ಮಡಿ ಊರಿ, ಬೆರಳು ಎತ್ತಿ, ಒಂದೇ ಸಮನೆ ಹೋಗುತ್ತಿದ್ದವು. ನನಗೆ ಅವುಗಳಲ್ಲಿ ಯಾವ ದೋಷವೂ ಕಾಣಲಿಲ್ಲ.

ಅತ್ತಿಗೆ ಆಗಲೇ ಏಣಿ ಹತ್ತಲು ಬಂದ ಇನ್ನೊಬ್ಬನ ಕಾಲು ನೋಡುತ್ತಿದ್ದರು.